ಕಾಡಿನ ಹೊಸ್ತಿಲು

(ಬಾನುಲಿ ಭಾಷಣ)

ವಾರ ಮುಗಿಯುತ್ತಿದ್ದಂತೆ ಬೆಂಗಳೂರು ಬೆಟ್ಟಗಳ ಕಡೆಗೆ ಮುಖ ತಿರುಗಿಸುತ್ತದೆ. ಶುಕ್ರವಾರ ರಾತ್ರಿ ಊಟದ ಹೊತ್ತು ಕಳೆದ ಮೇಲೆ ಇಂದಿರಾನಗರದಲ್ಲಿ, ಹಲಸೂರಿನಲ್ಲಿ, ಕೆ.ಆರ್. ಪುರದಲ್ಲಿ ಬೆನ್ನಿಗೆ ಚೀಲ ಏರಿಸಿಕೊಂಡ ತರುಣ ತರುಣಿಯರು ವ್ಯಾನಿಗಾಗಿ ಕಾದು ನಿಂತಿರುವುದನ್ನು ನೀವು ಕಂಡಿರಬಹುದು. ಬೆಳಗಾಗುವ ವೇಳೆಗೆ ಅವರಲ್ಲಿ ಕೆಲವರು ಕಳಸ ಸೀಮೆಯಲ್ಲಿರುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಸುಮಾರು 1,890 ಮೀಟರ್ ಎತ್ತರದ ಕುದುರೆಮುಖದ ನೆತ್ತಿಯ ಮೇಲೆ. ಊರಿನ ಹೊಗೆಯನ್ನು ಕುಡಿದವರಿಗೆ ಬೆಟ್ಟದ ಗಾಳಿಯ ಆಸೆ ಸಹಜವಾದದ್ದು, ಅದನ್ನು ಯಾರೂ ಆಕ್ಷೇಪಿಸಬೇಕಾಗಿಲ್ಲ. ಆದರೆ ಹೀಗೆ ಹೋಗುವ ಅತಿಥಿಗಾಗಿ ಕಾಡು ಏನೇನನ್ನು ಸಿದ್ಧಪಡಿಸಿಟ್ಟಿರಬೇಕು? ಯಾವ ಸೌಕರ್ಯ ಕಾಡಿನ ಒಳಗೆ ಇರಬೇಕು, ಯಾವುದು ಹೊರಗೆ? ಈ ಪ್ರಶ್ನೆಯನ್ನು ಇಂದು ನಿಮ್ಮ ಮುಂದಿಡಲು ಬಯಸುತ್ತೇನೆ.

ಕುದುರೆಮುಖ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದದ್ದು 1987ರಲ್ಲಿ. ವಿಸ್ತೀರ್ಣ ಸುಮಾರು 600 ಚದರ ಕಿಲೋಮೀಟರು. ‘ಉದ್ಯಾನ’ ಎಂಬ ಮಾತು ನಮ್ಮನ್ನು ಸ್ವಲ್ಪ ದಾರಿ ತಪ್ಪಿಸುತ್ತದೆ. ಕಬ್ಬನ್ ಪಾರ್ಕಿನಲ್ಲಿ ಕಲ್ಲುಬೆಂಚೂ ಕಾರಂಜಿಯೂ ಇರುವುದು ನ್ಯಾಯ. ಅದು ಮನುಷ್ಯರಿಗಾಗಿ ಮನುಷ್ಯರು ಮಾಡಿದ ತೋಟ. ಕುದುರೆಮುಖ ಹಾಗಲ್ಲ. ಬೆಂಗಳೂರಿನಲ್ಲಿ ವರ್ಷವಿಡೀ ಸುರಿಯುವ ಮಳೆಯ ಐದಾರು ಪಟ್ಟು ಮಳೆ ಅಲ್ಲಿಯ ಇಳಿಜಾರುಗಳ ಮೇಲೆ ಬೀಳುತ್ತದೆ. ಆ ನೀರನ್ನು ತಡೆದು, ಹೀರಿ, ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುವುದು ಕಣಿವೆಗಳ ಶೋಲಾ ಕಾಡು ಮತ್ತು ನೆತ್ತಿಯ ಹುಲ್ಲುಗಾವಲು. ಗಂಗಾಮೂಲದ ಆಸುಪಾಸಿನಲ್ಲಿ ಹುಟ್ಟುವ ತುಂಗೆ ಭದ್ರೆಯರು ಪೂರ್ವಕ್ಕೂ ನೇತ್ರಾವತಿ ಪಶ್ಚಿಮಕ್ಕೂ ಹರಿಯುತ್ತಾರೆ. ಹುಲ್ಲಿನ ಚರ್ಮ ಒಮ್ಮೆ ಹರಿಯಿತೆಂದರೆ ಮಳೆ ಅದನ್ನು ಬೇಗ ಮಾಯಗೊಡದು. ನೂರಾರು ಬೂಟುಗಳು ತುಳಿದ ಕಾಲುದಾರಿ ಒಂದೆರಡು ಮಳೆಗಾಲಗಳಲ್ಲಿ ಕೊರಕಲಾಗುತ್ತದೆ.

ಈ ಬೆಟ್ಟ ಸೌಕರ್ಯಗಳನ್ನು ಕಾಣದ ಬೆಟ್ಟವೇನೂ ಅಲ್ಲ. 1976ರಲ್ಲಿ ಸ್ಥಾಪನೆಯಾದ ಸರ್ಕಾರಿ ಕಬ್ಬಿಣದ ಅದಿರಿನ ಕಂಪನಿ ಇಲ್ಲಿ ಗಣಿ ತೋಡಿತು, ಲಕ್ಯಾ ಹೊಳೆಗೆ ಅಣೆಕಟ್ಟು ಕಟ್ಟಿತು, ತನ್ನ ಕೆಲಸಗಾರರಿಗೆ ಶಾಲೆ, ಆಸ್ಪತ್ರೆ, ಅಂಗಡಿಗಳಿದ್ದ ಊರನ್ನೇ ನಿರ್ಮಿಸಿತು. ಆ ಊರಿನ ಹೆಸರು ಮಲ್ಲೇಶ್ವರ—ನಮ್ಮ ಬೆಂಗಳೂರಿನದಲ್ಲ, ಬೆಟ್ಟದ್ದು. ಸರ್ವೋಚ್ಚ ನ್ಯಾಯಾಲಯದ 2002ರ ಆದೇಶದಂತೆ 2005ರ ಕೊನೆಯ ದಿನ ಗಣಿಗಾರಿಕೆ ನಿಂತಿತು. ಜನ ಹೊರಟುಹೋದರು, ಮನೆಗಳು ಉಳಿದವು. ಅಂದಿನಿಂದ ಒಂದು ವಾದ ಆಗಾಗ ತಲೆಯೆತ್ತುತ್ತ ಬಂದಿದೆ: ಇಷ್ಟೆಲ್ಲ ಕಟ್ಟಡ ಸಿದ್ಧವಾಗಿಯೇ ಇದೆ, ಪ್ರವಾಸಿಗರಿಗೆ ಬಿಟ್ಟುಕೊಟ್ಟರೆ ನಷ್ಟವೇನು?

ವಾದ ಕೇಳಲು ಸೊಗಸಾಗಿದೆ. ಆದರೆ ಊರನ್ನು ಅಲ್ಲಿಗೆ ಕರೆತಂದದ್ದು ಅದಿರು. ಅದಿರಿನ ಕೆಲಸವೇ ನಿಂತಮೇಲೆ ಊರಿಗೆ ಅಲ್ಲಿರಲು ಬೇರೆ ಕಾರಣವಿಲ್ಲ. ಗಣಿಯ ಲಾರಿ ಹೋದ ಜಾಗಕ್ಕೆ ಹೋಟೆಲಿನ ಲಾರಿ ಬಂದರೆ ಕಾಡಿಗೆ ಬಿಡುವು ಸಿಕ್ಕಂತಾಯಿತೆ? ನೂರು ಕೋಣೆಗಳಿಗೆ ಬಿಸಿನೀರು ಬೇಕು, ಇರುಳಿಗೆ ದೀಪ ಬೇಕು, ಕೊಳಚೆ ಹರಿಯಲು ಜಾಗ ಬೇಕು; ಆ ಜಾಗ ಕೊನೆಗೆ ಭದ್ರೆಯೇ ಆಗುತ್ತದೆ. ಮರದ ಮೇಲಿಂದ ಮೇಲೆ ಸಾಗಿ, ನೆಲಕ್ಕಿಳಿಯುವುದೇ ಅಪರೂಪವಾದ ಸಿಂಗಳೀಕಕ್ಕೆ ಕೊಂಬೆಗಳು ಒಂದಕ್ಕೊಂದು ತಾಗಿಕೊಂಡಿರುವ ಕಾಡು ಬೇಕು. ಅಗಲವಾದ ಒಂದು ರಸ್ತೆ ಅದರ ಪಾಲಿಗೆ ಹೊಳೆಯಿದ್ದಂತೆ.

ಇನ್ನೊಂದು ಮಾತು ಇದಕ್ಕಿಂತ ಹೆಚ್ಚು ನೋಯಿಸುವಂಥದು. ಉದ್ಯಾನದ ಗಡಿಯೊಳಗೆ ತಲೆಮಾರುಗಳಿಂದ ಬಾಳಿದ ಮನೆಗಳುಂಟು. ರಸ್ತೆಗೂ ವಿದ್ಯುತ್ತಿಗೂ ಕಾದು ಕುಳಿತ ಅವರಿಗೆ ಕಾಯಿದೆಯನ್ನು ತೋರಿಸಲಾಯಿತು. ಪರಿಹಾರ ಪಡೆದು ಹೊರಗೆ ನೆಲೆಸಿ ಎಂದು ಹೇಳಲಾಯಿತು. ಅನೇಕರು ಹಾಗೆಯೇ ಹೊರಟರು. ಕಾಡಿನ ಹಿತಕ್ಕಾಗಿ ಒಬ್ಬ ರೈತ ತನ್ನ ಗದ್ದೆಯನ್ನು ಬಿಟ್ಟುಹೋದ ಮೇಲೆ, ಎರಡು ದಿನದ ಅತಿಥಿಗೆಂದು ಅದೇ ಕಾಡಿನಲ್ಲಿ ಮಹಡಿ ಎಬ್ಬಿಸಿದರೆ, ಆ ರೈತನ ಮುಖವನ್ನು ನಾವು ನೋಡುವುದು ಹೇಗೆ?

ಇದು ಕೇವಲ ಊಹೆಯ ಪ್ರಶ್ನೆಯಲ್ಲ. ನಾಗರಹೊಳೆಯಲ್ಲಿ ಹೀಗೆ ನಡೆದದ್ದುಂಟು. ಜೇನುಕುರುಬರ ಕುಟುಂಬಗಳನ್ನು ಹೊರಗೆ ಕಳುಹಿಸಿದ ಅದೇ ಅರಣ್ಯದ ಮೂರ್ಕಲ್ಲಿನಲ್ಲಿ, 1990ರ ದಶಕದಲ್ಲಿ, ದೊಡ್ಡದೊಂದು ಹೋಟೆಲ್ ಕಂಪನಿಗೆ ವಸತಿಗೃಹ ನಡೆಸಲು ಜಾಗ ಗೇಣಿಗೆ ದೊರೆಯಿತು. ಆದಿವಾಸಿಗಳು ಪ್ರತಿಭಟಿಸಿದರು, ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು. 1997ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ, ಕೇಂದ್ರ ಸರ್ಕಾರದ ಪೂರ್ವಾನುಮತಿ ಇಲ್ಲದ ಆ ಕೆಲಸ ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತಿತು. ಕಾಡಿನ ಮಕ್ಕಳು ಕಾಡಿನ ಪರವಾಗಿ ಗೆದ್ದ ಮೊಕದ್ದಮೆ ಅದು.

ಹಾಗಾದರೆ ಅತಿಥಿಗೆ ಯಾವ ಸೌಕರ್ಯವೂ ಬೇಡವೆ? ಬೇಕು. ಅದು ಇರಬೇಕಾದ ಸ್ಥಳ ಹೊಸ್ತಿಲು. ಅಮೆರಿಕದವರು ಈ ಪಾಠವನ್ನು ನಿಧಾನವಾಗಿ ಕಲಿತರು. 1956ರಿಂದ ಹತ್ತು ವರ್ಷ ‘ಮಿಷನ್ 66’ ಎಂಬ ಯೋಜನೆಯಡಿ ಅವರು ತಮ್ಮ ರಾಷ್ಟ್ರೀಯ ಉದ್ಯಾನಗಳಲ್ಲಿ ರಸ್ತೆಗಳನ್ನೂ ಸಂದರ್ಶಕರ ಕೇಂದ್ರಗಳನ್ನೂ ಧಾರಾಳವಾಗಿ ಕಟ್ಟಿದರು. ರಸ್ತೆ ಬಂದಲ್ಲಿ ಕಾರು ಬಂತು. ಕಾರಿನ ಸಾಲು ಕಣಿವೆಯನ್ನೇ ತುಂಬಿತು. ಕೊನೆಗೆ 2000ದಲ್ಲಿ ಜಯಾನ್ ಎಂಬ ಉದ್ಯಾನದಲ್ಲಿ ಕೇಂದ್ರವನ್ನು ಪ್ರವೇಶದ್ವಾರದ ಬಳಿ ಇರಿಸಿ, ಜನಜಂಗುಳಿಯ ತಿಂಗಳುಗಳಲ್ಲಿ ಖಾಸಗಿ ಕಾರುಗಳನ್ನು ತಡೆದು, ಬಸ್ಸುಗಳಲ್ಲಿ ಜನರನ್ನು ಒಳಗೆ ಒಯ್ಯತೊಡಗಿದರು. ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಬಂಡೀಪುರದ ಹಿಮವದ್ ಗೋಪಾಲಸ್ವಾಮಿ ಬೆಟ್ಟದಲ್ಲಿ ಇದೇ ಕ್ರಮವುಂಟು: ಸ್ವಂತ ವಾಹನ ಬೆಟ್ಟದ ಬುಡದಲ್ಲಿ, ಮೇಲಕ್ಕೆ ಸಾರಿಗೆ ಸಂಸ್ಥೆಯ ಬಸ್ಸು. ಭಕ್ತಿಗೆ ಇದರಿಂದ ಕೊರತೆಯಾದಂತೆ ಕಾಣುವುದಿಲ್ಲ.

ಕುದುರೆಮುಖದಲ್ಲಿಯೂ ಒಳ್ಳೆಯ ಆರಂಭಗಳಿವೆ. ಚಾರಣಕ್ಕೆ ಮುಂಗಡವಾಗಿ ಪರವಾನಗಿ ಪಡೆಯಬೇಕು, ದಿನಕ್ಕೆ ಇಷ್ಟೇ ಜನ ಎಂಬ ಮಿತಿಯುಂಟು. ಮುಳ್ಳೋಡಿಯ ಕಡೆಯ ಮನೆಗಳವರು ಚಾರಣಿಗರಿಗೆ ಊಟ ವಸತಿ ಒದಗಿಸಿ ನಾಲ್ಕು ಕಾಸು ಕಾಣುತ್ತಿದ್ದಾರೆ. ಇದಕ್ಕೆ ಸೇರಬೇಕಾದದ್ದು ಬೆಟ್ಟದ ಬುಡದಲ್ಲಿ, ಊರಿನ ಅಂಚಿನಲ್ಲಿ, ಒಂದು ಸಾಧಾರಣ ಹೆಂಚಿನ ಮನೆ. ಅಲ್ಲಿ ಶುಚಿಯಾದ ಶೌಚಾಲಯ, ಕುಡಿಯುವ ನೀರು, ಗಾಯಕ್ಕೆ ಮದ್ದು, ಹೊತ್ತು ತಂದ ಪ್ಲಾಸ್ಟಿಕ್ಕನ್ನು ಎಣಿಸಿ ಬರೆದುಕೊಂಡು ಮರಳುವಾಗ ಮತ್ತೆ ಎಣಿಸುವ ಒಬ್ಬ ಗುಮಾಸ್ತ. ಗೋಡೆಯ ಮೇಲೆ ಮೂರು ನದಿಗಳ ನಕ್ಷೆ. ಇಂಬಳ ಕಚ್ಚಿದರೆ ಹೆದರಬೇಡಿ, ಹುಲ್ಲು ತುಳಿದು ಅಡ್ಡದಾರಿ ಹಿಡಿಯಬೇಡಿ, ಸಿಂಗಳೀಕಕ್ಕೆ ತಿಂಡಿ ಎಸೆಯಬೇಡಿ ಎಂದು ಕನ್ನಡದಲ್ಲಿಯೇ ತಿಳಿಯಹೇಳಲು ಅಲ್ಲಿಯವರೇ ಆದ ಹುಡುಗ ಹುಡುಗಿಯರು. ಕಾಡಿನ ಅನ್ನ ಮೊದಲು ಕಾಡಿನ ನೆರೆಯವರಿಗೆ ಸಲ್ಲಲಿ.

ಹಲಸೂರಿನ ಸೋಮೇಶ್ವರ ದೇವಾಲಯಕ್ಕೆ ಹೋಗುವವರು ಚಪ್ಪಲಿಯನ್ನು ಹೊರಗೆ ಬಿಡುತ್ತಾರೆ. ಗೋಪುರವನ್ನು ದಾಟುವಾಗ ದನಿ ತಾನಾಗಿಯೇ ತಗ್ಗುತ್ತದೆ. ಗರ್ಭಗುಡಿಯಲ್ಲಿ ಕುರ್ಚಿ ಹಾಕಿಲ್ಲವೆಂದು ಯಾರೂ ದೂರುವುದಿಲ್ಲ. ಕೈಕಾಲು ತೊಳೆಯುವುದು, ಕುಳಿತು ದಣಿವಾರಿಸಿಕೊಳ್ಳುವುದು, ಪ್ರಸಾದ ತಿನ್ನುವುದು ಎಲ್ಲವೂ ಹೊರಗೆ. ದೇವರ ಮನೆಯಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ನಮ್ಮ ಊರಿನವರಿಗೆ ಗೊತ್ತಿದೆ. ಮೂರು ನದಿಗಳ ಮನೆಯಲ್ಲಿಯೂ ಅಷ್ಟೇ ನಡತೆ ಸಾಕು. ಅದನ್ನು ಕಲಿಸುವ ಹೊಸ್ತಿಲನ್ನು ಸರ್ಕಾರ ಕಟ್ಟಲಿ, ಅದರಾಚೆ ಏನನ್ನೂ ಕಟ್ಟದಿರಲಿ.