ಗುಂಡುಕಲ್ಲಿನ ಹಾಗಿದ್ದೀನಲ್ಲ!



ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ತಾಯಿಗೆ ನಲವತ್ತರ ವಯಸ್ಸು. ಬೆಳಗಾದರೆ ಹಿಪ್ಪುನೇರಳೆ ಸೊಪ್ಪು, ಹಸು, ಅಡಿಗೆ. ಆಶಾ ಕಾರ್ಯಕರ್ತೆ ಬಂದು, "ಅಕ್ಕಾ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಇದೆ, ಬನ್ನಿ" ಎನ್ನುತ್ತಾರೆ. ತಾಯಿ ನಕ್ಕು, "ನನಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಲ್ಲ!" ಎಂದು ಒಳಗೆ ಹೋಗುತ್ತಾರೆ. ಈ ಉತ್ತರವನ್ನು ಕುರಿತೇ ಇಂದು ನಾಲ್ಕು ಮಾತು.

ಗರ್ಭಕೋಶದ ಕೆಳತುದಿಯೇ ಗರ್ಭಕಂಠ. ಅಲ್ಲಿನ ಕ್ಯಾನ್ಸರಿಗೆ ಬಹುಪಾಲು ಕಾರಣ ಹ್ಯೂಮನ್ ಪ್ಯಾಪಿಲೋಮ ಎಂಬ ವೈರಸ್. ಇದನ್ನು ಕಂಡುಹಿಡಿದ ಜರ್ಮನಿಯ ಹೆರಾಲ್ಡ್ ಝುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಹುಮಾನ ಬಂತು. ಲೈಂಗಿಕ ಸಂಪರ್ಕದಿಂದ ಹರಡುವ ಈ ವೈರಸ್ ಬಹಳ ಸಾಮಾನ್ಯವಾದುದು, ಯಾರಿಗೂ ತಗಲಬಹುದು. ಇದು ಯಾರ ನಡತೆಗೂ ಕಳಂಕವಲ್ಲ. ಹೆಚ್ಚಿನವರಲ್ಲಿ ಒಂದೆರಡು ವರ್ಷಗಳಲ್ಲಿ ತಾನಾಗಿಯೇ ಮಾಯವಾಗುತ್ತದೆ. ಕೆಲವರಲ್ಲಿ ಮಾತ್ರ ಉಳಿದು, ಸಾಮಾನ್ಯವಾಗಿ 15ರಿಂದ 20 ವರ್ಷಗಳಲ್ಲಿ ಕ್ಯಾನ್ಸರ್ ಆಗುತ್ತದೆ. ಈ ದೀರ್ಘಕಾಲದಲ್ಲಿ ನೋವಿರುವುದಿಲ್ಲ. ತಪಾಸಣೆ ಇರುವುದೇ ಈ 'ಏನೂ ಆಗಿಲ್ಲದ' ಕಾಲಕ್ಕೆ! ನೋವು ಕಾಣಿಸಿಕೊಂಡ ಮೇಲೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ದಾರಿ ಹಿಡಿಯುವ ಹೊತ್ತಿಗೆ ಬಹಳ ಸಲ ರೋಗ ಮುಂದುವರಿದಿರುತ್ತದೆ.

ನಗುವಿನ ಹಿಂದೆ ಬೇರೆ ಕಾರಣಗಳೂ ಇವೆ. ನಾಚಿಕೆ, ಒಂದು ದಿನದ ಕೂಲಿಯ ಚಿಂತೆ, 'ಏನಾದರೂ ಇದೆ ಎಂದುಬಿಟ್ಟರೆ?' ಎಂಬ ಭಯ, 'ಗರ್ಭಕೋಶವನ್ನೇ ತೆಗೆದುಬಿಡುತ್ತಾರೇನೋ' ಎಂಬ ಅಂಜಿಕೆ. ಇವನ್ನು ಅಜ್ಞಾನವೆಂದು ತಳ್ಳಿಹಾಕಬೇಡಿ, ಉತ್ತರ ಹೇಳಿ.

ಗರ್ಭಕಂಠಕ್ಕೆ ತೆಳುವಾದ ಅಸಿಟಿಕ್ ಆಮ್ಲ ಹಚ್ಚಿ, ಒಂದು ನಿಮಿಷ ಕಾದು ನೋಡುತ್ತಾರೆ. ಅಸಹಜ ಭಾಗ ಬೆಳ್ಳಗೆ ಕಾಣುತ್ತದೆ. ಬೆಳ್ಳಗೆ ಕಂಡ ಮಾತ್ರಕ್ಕೆ ಕ್ಯಾನ್ಸರ್ ಎಂದಲ್ಲ. ಕ್ಯಾನ್ಸರಿಗೆ ಮುಂಚಿನ ಹಂತವಾದರೆ ಆ ಭಾಗವನ್ನಷ್ಟೇ ಶೀತದಿಂದಲೋ ಶಾಖದಿಂದಲೋ ಗುಣಪಡಿಸಬಹುದು, ಗರ್ಭಕೋಶ ಉಳಿಯುತ್ತದೆ. ಮುಂಬಯಿಯ ಕೊಳೆಗೇರಿಗಳಲ್ಲಿ 1998ರಿಂದ ಟಾಟಾ ಸ್ಮಾರಕ ಆಸ್ಪತ್ರೆ ನಡೆಸಿದ ದೊಡ್ಡ ಅಧ್ಯಯನದಲ್ಲಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರೇ ಈ ಪರೀಕ್ಷೆ ಮಾಡಿದರು. ಈ ರೋಗದ ಸಾವು ಶೇಕಡಾ 31ರಷ್ಟು ಇಳಿಯಿತು.

2016ರ ಕೇಂದ್ರ ಮಾರ್ಗಸೂಚಿಯಂತೆ 30ರಿಂದ 65 ವರ್ಷದ ಮಹಿಳೆಯರು ಐದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿಕೊಳ್ಳಬೇಕು. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49 ವರ್ಷದವರ ಪೈಕಿ ಒಮ್ಮೆಯಾದರೂ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ. 2022ರಲ್ಲಿ ಈ ರೋಗದಿಂದ ನಮ್ಮ ದೇಶದಲ್ಲಿ ಸತ್ತವರು ಸುಮಾರು 80 ಸಾವಿರ ಮಂದಿ ಎಂಬ ಅಂದಾಜಿದೆ.

ಮುಟ್ಟು ನಿಂತ ಮೇಲೆ ಅಥವಾ ಎರಡು ಮುಟ್ಟಿನ ನಡುವೆ ರಕ್ತ ಕಂಡರೆ ತಪಾಸಣೆಯ ದಿನಕ್ಕೆ ಕಾಯದೆ ಕೂಡಲೇ ವೈದ್ಯರನ್ನು ಕಾಣಬೇಕು. 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಲಸಿಕೆಯೂ ಇದೆ. ಆದರೆ ನಿಮ್ಮ ತಾಯಂದಿರಿಗೆ ಬೇಕಾದುದು ತಪಾಸಣೆ.

ನೀವು ಮಾಡಬೇಕಾದುದು ದೊಡ್ಡದೇನಲ್ಲ. ಯಾವ ಆಸ್ಪತ್ರೆಯಲ್ಲಿ, ಯಾವ ದಿನ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿದುಕೊಳ್ಳಿ. ಮಗಳಾಗಲಿ ಮಗನಾಗಲಿ, "ಅಮ್ಮಾ, ಇವತ್ತು ಹಸು, ಅಡಿಗೆ ನಾನು ನೋಡಿಕೊಳ್ತೀನಿ, ನೀನು ಹೋಗಿ ಬಾ" ಎನ್ನಿ. ಗುಂಡುಕಲ್ಲಿನ ಹಾಗಿರುವ ತಾಯಿ ಹಾಗೆಯೇ ಇರಲಿ ಎಂಬುದಕ್ಕೇ ಈ ತಪಾಸಣೆ.