ಹತ್ತಿಯ ಸಹಾಯಧನ ಯಾರ ಕೈ ಸೇರಿತು?



ಬೆಳೆ ಬೆಳೆಯಲು ಸರ್ಕಾರ ರೈತನಿಗೆ ಹಣ ಕೊಡುವುದನ್ನು ನೀವು ಕೇಳಿದ್ದೀರಿ. ಬೆಳೆದು ನಿಂತ ಪೈರನ್ನು ಅಳಿಸಿಹಾಕಲು ಹಣ ಕೊಟ್ಟದ್ದನ್ನು ಕೇಳಿದ್ದೀರಾ? 1933ರಲ್ಲಿ ಅಮೆರಿಕ ಹಾಗೆ ಮಾಡಿತು.

1929ರಲ್ಲಿ ಪೌಂಡಿಗೆ ಸುಮಾರು 17 ಸೆಂಟ್ ಇದ್ದ ಹತ್ತಿಯ ಬೆಲೆ, ಮಹಾ ಆರ್ಥಿಕ ಕುಸಿತದಿಂದಾಗಿ 6 ಸೆಂಟಿನ ಆಸುಪಾಸಿಗೆ ಇಳಿದಿತ್ತು. ಹತ್ತಿ ಕಡಿಮೆಯಾದರೆ ಬೆಲೆ ಏರೀತು ಎಂಬುದು ಅಧ್ಯಕ್ಷ ರೂಸ್ವೆಲ್ಟ್ ಸರ್ಕಾರದ ಲೆಕ್ಕಾಚಾರ. ಕಾನೂನು ಆದದ್ದು ಮೇ ತಿಂಗಳಲ್ಲಿ. ಅಷ್ಟರಲ್ಲಿ ಬಿತ್ತನೆ ಮುಗಿದುಹೋಗಿತ್ತು. ಆದುದರಿಂದ ಸುಮಾರು 1 ಕೋಟಿ ಎಕರೆ ಹತ್ತಿಯನ್ನು ಉತ್ತು ಮಣ್ಣಿಗೆ ಸೇರಿಸಬೇಕಾಯಿತು. ಸಾಲು ತುಳಿಯದಂತೆ ಪಳಗಿದ್ದ ಹೇಸರಗತ್ತೆಗಳು ಪೈರಿನ ಮೇಲೆ ಕಾಲಿಡಲು ಹಿಂಜರಿದವಂತೆ! ಬೆಲೆಯೇನೋ ಆ ವರ್ಷ 10 ಸೆಂಟಿನ ಹತ್ತಿರಕ್ಕೆ ಏರಿತು. ಆದರೆ ಪರಿಹಾರದ ಹಣ ಯಾರ ಕೈ ಸೇರಿತು?

ಇದನ್ನು ತಿಳಿಯಲು ಅರ್ಕಾನ್ಸಾ ರಾಜ್ಯದ ಪಾಯಿನ್ಸೆಟ್ ಕೌಂಟಿಯನ್ನು ನೋಡೋಣ. ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ. ಅಲ್ಲಿ ಹೊಲ ಒಬ್ಬನದು, ದುಡಿಮೆ ಇನ್ನೊಬ್ಬನದು. ನಾವು ಕೋರು ಅಥವಾ ವಾರ ಎನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ ಪದ್ಧತಿ. ಒಡೆಯ ಬೀಜ, ಹೇಸರಗತ್ತೆ, ಉಪಕರಣಗಳನ್ನು ಕೊಡುತ್ತಾನೆ. ಉಳುವವನು ಬೆಳೆಯ ಅರ್ಧವನ್ನು ಒಪ್ಪಿಸುತ್ತಾನೆ. ಉಳಿದರ್ಧದಲ್ಲಿ ಬಹುಪಾಲು ಒಡೆಯನ ಅಂಗಡಿಯ ಸಾಲಕ್ಕೇ ಜಮೆಯಾಗುತ್ತದೆ.

1934–35ರ ಒಪ್ಪಂದದ ಅಂಕಿಗಳನ್ನು ಗಮನವಿಟ್ಟು ಕೇಳಿ. ಪಾಳು ಬಿಟ್ಟ ನೆಲದ ಬಾಡಿಗೆಯೆಂದು ಪೌಂಡಿಗೆ ಮೂರೂವರೆ ಸೆಂಟ್. ಅದು ಪೂರ್ತಿ ಒಡೆಯನಿಗೆ. ಬೆಲೆ ಸರಿದೂಗಿಸಲು ಇನ್ನೊಂದು ಸೆಂಟ್. ಇದರಲ್ಲಿ ಪಾಲಿಗೆ ಉಳುವವನಿಗೆ ಅರ್ಧ. ಅಂದರೆ ಒಂಬತ್ತು ಪಾಲಿನಲ್ಲಿ ಎಂಟು ಒಡೆಯನಿಗೆ, ಒಂದು ಉತ್ತವನಿಗೆ. ಆ ಒಂದೂ ಬರಬೇಕಾದದ್ದು ಒಡೆಯನ ಕೈಯಿಂದಲೇ. ತಕರಾರು ಇದ್ದರೆ ಕೌಂಟಿ ಸಮಿತಿಗೆ ದೂರಬಹುದಿತ್ತು. ಆದರೆ ಸಮಿತಿಗಳಲ್ಲಿ ಸಾಮಾನ್ಯವಾಗಿ ಕುಳಿತಿದ್ದವರು ಭೂಮಾಲೀಕರೇ!

ಬಿತ್ತನೆ ಕಡಿಮೆಯಾದ ಮೇಲೆ ಅಷ್ಟು ಜನ ಏಕೆ ಬೇಕು? ಒಕ್ಕಲೆಬ್ಬಿಸುವುದು ಶುರುವಾಯಿತು. ಟೈರೊಂಜಾ ಎಂಬ ಪುಟ್ಟ ಊರಿನ ಬಳಿ 1934ರ ಜುಲೈನಲ್ಲಿ 11 ಮಂದಿ ಬಿಳಿಯರೂ 7 ಮಂದಿ ಕರಿಯರೂ ಒಂದು ಶಾಲೆಯ ಕೊಠಡಿಯಲ್ಲಿ ಸೇರಿ, ದಕ್ಷಿಣ ಗೇಣಿದಾರರ ಸಂಘವನ್ನು ಕಟ್ಟಿದರು. ವರ್ಣಭೇದ ಬಿಗಿಯಾಗಿದ್ದ ಆ ಸೀಮೆಯಲ್ಲಿ ಒಂದೇ ಸಂಘದಲ್ಲಿ ಇಬ್ಬರೂ ಕೂಡುವುದು ಸಾಮಾನ್ಯ ಧೈರ್ಯವಲ್ಲ. ಅವರಿಗೆ ಬೆಂಬಲವಾಗಿ ನಿಂತವರು ಬಟ್ಟೆ ಶುಚಿಗೊಳಿಸುವ ಅಂಗಡಿಯ ಎಚ್. ಎಲ್. ಮಿಚೆಲ್ ಮತ್ತು ಪೆಟ್ರೋಲ್ ಬಂಕಿನ ಕ್ಲೇ ಈಸ್ಟ್.

ಸಂಘ ನ್ಯಾಯಾಲಯಕ್ಕೆ ಹೋಯಿತು. ಒಪ್ಪಂದ ಸರ್ಕಾರಕ್ಕೂ ಒಡೆಯನಿಗೂ ಸಂಬಂಧಿಸಿದ್ದು, ಗೇಣಿದಾರರು ಅದರಲ್ಲಿ ಪಕ್ಷಗಾರರಲ್ಲ ಎಂಬ ಉತ್ತರ ಬಂತು. ವಾಷಿಂಗ್ಟನ್ನಿನಲ್ಲಿ ಜೆರೋಮ್ ಫ್ರಾಂಕ್ ಮುಂತಾದ ಕೆಲವು ಅಧಿಕಾರಿಗಳು, ಇದ್ದ ಗೇಣಿದಾರರನ್ನೇ ಉಳಿಸಿಕೊಳ್ಳಬೇಕೆಂದು ಒಪ್ಪಂದವನ್ನು ಅರ್ಥೈಸಿದರು. 1935ರ ಫೆಬ್ರುವರಿಯಲ್ಲಿ ಅವರನ್ನೇ ಕೆಲಸದಿಂದ ತೆಗೆಯಲಾಯಿತು. ದಕ್ಷಿಣದ ಭೂಮಾಲೀಕರ ರಾಜಕೀಯ ಪ್ರಭಾವ ಅಷ್ಟಿತ್ತು.

ಮುಂದೆ ನಿಯಮಗಳು ಬದಲಾದವು. ಗೇಣಿದಾರನ ಪಾಲು ಹೆಚ್ಚಿತು. ಇಲ್ಲೇ ಸ್ವಾರಸ್ಯ! ಪಾಲುದಾರನಿಗೆ ಹಣ ಕೊಡಬೇಕು ಎಂದಾದಾಗ ಎಷ್ಟೋ ಒಡೆಯರು ಪಾಲುದಾರರನ್ನು ದಿನಗೂಲಿಗಳನ್ನಾಗಿ ಮಾಡಿಕೊಂಡರು. ದಿನಗೂಲಿಗೆ ಸಹಾಯಧನದಲ್ಲಿ ಪಾಲಿರಲಿಲ್ಲ. ಕೈಗೆ ಬಂದ ಹಣದಿಂದ ಹಲವರು ಟ್ರ್ಯಾಕ್ಟರ್ ಕೊಂಡರು. ಕೂಲಿಗಳ ಅಗತ್ಯವೂ ಕಡಿಮೆಯಾಯಿತು.

ನಮ್ಮಲ್ಲಿ 2019ರಲ್ಲಿ ಆರಂಭವಾದ ಪಿಎಂ ಕಿಸಾನ್ ಯೋಜನೆಯ ವರ್ಷಕ್ಕೆ 6,000 ರೂಪಾಯಿ ಸಹ ಭೂಮಿ ಯಾರ ಹೆಸರಿನಲ್ಲಿದೆಯೋ ಆ ಕುಟುಂಬಕ್ಕೆ ಸಲ್ಲುವಂಥದು. ಸ್ವಂತ ನೆಲವಿಲ್ಲದೆ, ಬಾಯಿಮಾತಿನ ಮೇಲೆ ಕೋರಿಗೆ ಮಾಡುವವನ ಹೆಸರು ಆ ಪಟ್ಟಿಯಲ್ಲಿರುವುದಿಲ್ಲ. ನಿಮ್ಮ ಊರಿನಲ್ಲಿ ಅಂಥವರು ಎಷ್ಟು ಮಂದಿ ಇದ್ದಾರೆ, ಹಿರಿಯರನ್ನು ಕೇಳಿ ಬರೆದುಕೊಳ್ಳಿ.