ನಾಲಿಗೆಗೆ ಸಿಹಿ, ಬ್ರಿಕ್ಸ್ ಮೀಟರಿಗೆ ಸೊನ್ನೆ
(ಘೋಣಸಗಿಯಲ್ಲಿ ನೀಡಿದ ದತ್ತಿ ಉಪನ್ಯಾಸ)



ವಿಜಯಪುರದ ನನ್ನ ದವಾಖಾನೆಗೆ ತಿಕೋಟಾ ಸೀಮೆಯಿಂದ ಬರುವ ಶುಗರ್ ಪೇಷಂಟುಗಳು ಈಚೆಗೆ ಒಂದು ಹೊಸ ಪ್ರಶ್ನೆ ತರುತ್ತಿದ್ದಾರೆ. ಚೀಟಿ ಬರೆಸಿಕೊಂಡು ಎದ್ದವರು ಬಾಗಿಲ ಹತ್ತಿರ ತಿರುಗಿ ನಿಲ್ಲುತ್ತಾರೆ: "ಸಾಹೇಬ್ರ, ಸಕ್ಕರಿ ಇಲ್ದ ಥಂಡಾ ಬಂದೈತಲ್ರಿ, ಅದನ್ನ ಕುಡೀಬೌದೇನ್ರಿ?" ಅವರ ಜೊತೆ ಬಂದ ಮಗನೋ ಸೊಸೆಯೋ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿ, ಅದರಿಂದ ಕ್ಯಾನ್ಸರ್ ಬರುತ್ತದಂತೆ ಹೌದೇ ಎನ್ನುತ್ತಾರೆ. ಬಾಗಿಲಲ್ಲಿ ನಿಂತವರಿಗೆ ಅರ್ಧ ನಿಮಿಷದಲ್ಲಿ ಕೊಟ್ಟ ಉತ್ತರ ನನಗೆ ಎಂದೂ ಸಮಾಧಾನ ತಂದಿಲ್ಲ. ಇವತ್ತು ನೀವು ಒಂದು ತಾಸು ಕೊಟ್ಟಿದ್ದೀರಿ.

ಈ ಸೀಮೆಯಲ್ಲಿ ಈ ಮಾತು ಹೇಳುವುದು ಸುಲಭ. ನೀವು ಬ್ರಿಕ್ಸ್, ಅಂದರೆ ರಸದಲ್ಲಿರುವ ಸಕ್ಕರೆಯ ಪ್ರಮಾಣ ನೋಡಿ ದ್ರಾಕ್ಷಿ ಕೊಯ್ಯುವವರು. ಒಂದು ಹಣ್ಣು ಹಿಂಡಿ, ಹನಿಯನ್ನು ಗಾಜಿನ ಮೇಲೆ ಬಿಟ್ಟು, ಮೀಟರನ್ನು ಬೆಳಕಿಗೆ ಹಿಡಿಯುತ್ತೀರಿ. ಒಣದ್ರಾಕ್ಷಿ ಮಾಡುವುದಿದ್ದರೆ 20 ದಾಟಲಿ ಎಂದು ಕಾಯುತ್ತೀರಿ. ಗ್ಯಾಸ್ ಹೋದ ಸಾದಾ ಕೋಲಾದ ಹನಿಯನ್ನು ಅದೇ ಗಾಜಿನ ಮೇಲೆ ಬಿಟ್ಟರೆ ಹತ್ತು ಹನ್ನೊಂದರ ಹತ್ತಿರ ನಿಲ್ಲುತ್ತದೆ. ಅಂದರೆ 250 ಮಿಲಿ ಬಾಟಲಿಯಲ್ಲಿ ಸುಮಾರು 26 ಗ್ರಾಂ ಸಕ್ಕರೆ. ಒಬ್ಬ ವಯಸ್ಕನಿಗೆ ದಿನಕ್ಕೆ ಹೆಚ್ಚುವರಿ ಸಕ್ಕರೆ ಸುಮಾರು 25 ಗ್ರಾಮಿನೊಳಗೆ ಇದ್ದರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಇಡೀ ದಿನದ ಪಾಲು ಒಂದೇ ಬಾಟಲಿಯಲ್ಲಿ ಮುಗಿಯಿತು. ಇನ್ನು 'ಡಯಟ್' ಅಥವಾ 'ಝೀರೋ' ಎಂದು ಬರೆದ ಬಾಟಲಿಯ ಹನಿ ಬಿಟ್ಟು ನೋಡಿ, ಮೀಟರು ಸೊನ್ನೆಯ ಹತ್ತಿರವೇ ಇರುತ್ತದೆ. ನಾಲಿಗೆ ಮಾತ್ರ ಸಿಹಿ ಎನ್ನುತ್ತದೆ.

ಈ ಸಿಹಿ ಎಲ್ಲಿಂದ ಬಂತು? ಹಳೆಯದು ಸ್ಯಾಕರಿನ್. 1879ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪ್ರಯೋಗಶಾಲೆಯಲ್ಲಿ ಕಾನ್‌ಸ್ಟಾಂಟಿನ್ ಫಾಲ್‌ಬರ್ಗ್ ಎಂಬಾತನ ಕೈಗಂಟಿದ ಪುಡಿ ಅದು. ಆಸ್ಪರ್ಟೇಮ್ 1965ರದು, ಜೇಮ್ಸ್ ಶ್ಲ್ಯಾಟರ್ ಎಂಬ ರಸಾಯನಶಾಸ್ತ್ರಜ್ಞ ಬೆರಳು ನೆಕ್ಕಿದಾಗ ಗೊತ್ತಾದದ್ದು. ಸುಕ್ರಲೋಸಿನ ಕಥೆಯಲ್ಲಿ ನಮ್ಮ ದೇಶದವರೇ ಇದ್ದಾರೆ. 1976ರಲ್ಲಿ ಲಂಡನ್ನಿನ ಕ್ವೀನ್ ಎಲಿಜಬೆತ್ ಕಾಲೇಜಿನಲ್ಲಿ ಶಶಿಕಾಂತ ಫಡ್ನಿಸ್ ಎಂಬ ತರುಣ ಸಂಶೋಧಕರಿಗೆ ಒಂದು ಸಂಯುಕ್ತವನ್ನು 'ಟೆಸ್ಟ್' ಮಾಡು ಎಂದದ್ದು 'ಟೇಸ್ಟ್' ಮಾಡು ಎಂದು ಕೇಳಿಸಿತು, ಅವರು ನಾಲಿಗೆಗೆ ಇಟ್ಟುಕೊಂಡರು ಎಂದು ಹೇಳುತ್ತಾರೆ. ಆಸ್ಪರ್ಟೇಮ್ ಸಕ್ಕರೆಗಿಂತ ಸುಮಾರು 200 ಪಟ್ಟು ಸಿಹಿ, ಸುಕ್ರಲೋಸ್ ಸುಮಾರು 600 ಪಟ್ಟು. ಅದಕ್ಕೇ ಚಿಟಿಕೆ ಸಾಕು, ಅದಕ್ಕೇ ಮೀಟರಿಗೆ ಕಾಣುವುದಿಲ್ಲ.

ಕ್ಯಾನ್ಸರಿನ ಮಾತಿಗೆ ಬರುತ್ತೇನೆ, ಹೆದರಿಕೆ ಇರುವುದು ಅಲ್ಲೇ. 2023ರ ಜುಲೈಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಆಸ್ಪರ್ಟೇಮನ್ನು '2ಬಿ' ಗುಂಪಿಗೆ ಸೇರಿಸಿತು. 'ಕ್ಯಾನ್ಸರ್ ತರುವ ಸಾಧ್ಯತೆ ಇದ್ದೀತು, ಆದರೆ ಪುರಾವೆ ಸೀಮಿತ' ಎಂಬ ಗುಂಪು ಅದು. ನಮ್ಮ ಹಿತ್ತಲಲ್ಲಿ ಬೆಳೆಯುವ ಲೋಳೆಸರದ ಇಡೀ ಎಲೆಯ ಸಾರವೂ ಅದೇ ಗುಂಪಿನಲ್ಲಿದೆ. ಅದೇ ದಿನ ಆಹಾರಕ್ಕೆ ಸೇರಿಸುವ ಪದಾರ್ಥಗಳನ್ನು ಪರೀಕ್ಷಿಸುವ ಇನ್ನೊಂದು ತಜ್ಞರ ಸಮಿತಿ ಹಳೆಯ ಮಿತಿಯನ್ನು ಬದಲಿಸಲು ಕಾರಣವಿಲ್ಲ ಎಂದಿತು: ದೇಹದ ತೂಕದ ಒಂದು ಕಿಲೋಗೆ ದಿನಕ್ಕೆ 40 ಮಿಲಿಗ್ರಾಂ. 70 ಕಿಲೋ ತೂಕದವನು ಈ ಮಿತಿ ದಾಟಬೇಕಾದರೆ ದಿನಕ್ಕೆ 9ರಿಂದ 14 ಕ್ಯಾನ್ ಕುಡಿಯಬೇಕು. ವಿಡಿಯೊಗಳಲ್ಲಿ ಮೊದಲನೆಯ ಸುದ್ದಿ ಬರುತ್ತದೆ, ಎರಡನೆಯದು ಬರುವುದಿಲ್ಲ. ಇದು ನನಗೆ ಬೇಸರದ ಸಂಗತಿ. ಯಾವಾಗಲೋ ಒಂದು ಬಾಟಲಿ ಕುಡಿದ ತಾಯಿ ರಾತ್ರಿಯೆಲ್ಲ ನಿದ್ದೆಗೆಟ್ಟು ನನ್ನ ಹತ್ತಿರ ಬಂದದ್ದಿದೆ. ನಿಜವಾಗಿ ಆಸ್ಪರ್ಟೇಮ್ ಮುಟ್ಟಬಾರದವರು ಫೀನೈಲ್‌ಕೀಟೋನ್ಯೂರಿಯ ಎಂಬ ಅಪರೂಪದ ಹುಟ್ಟುದೋಷ ಇರುವವರು. ಬಾಟಲಿಯ ಮೇಲಿನ ಸಣ್ಣಕ್ಷರ ಅವರಿಗಾಗಿಯೇ ಇದೆ.

ಇನ್ನು ತೂಕ ಮತ್ತು ಹೃದಯ. 2022ರಲ್ಲಿ ಫ್ರಾನ್ಸಿನ ಒಂದು ಲಕ್ಷಕ್ಕೂ ಹೆಚ್ಚು ಜನರ ಅಧ್ಯಯನ ಪ್ರಕಟವಾಯಿತು. ಕೃತಕ ಸಿಹಿ ಹೆಚ್ಚು ಸೇವಿಸುವವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆ ತುಸು ಹೆಚ್ಚು ಕಂಡಿತು. ಇದನ್ನು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಆದರೆ ಒಂದು ಮಾತು ಯೋಚಿಸಿ. ಚಷ್ಮಾ ಹಾಕಿದವರ ಕಣ್ಣು ಹಾಕದವರ ಕಣ್ಣಿಗಿಂತ ಮಂದ. ಕಣ್ಣು ಕೆಡಿಸಿದ್ದು ಚಷ್ಮಾ ಎನ್ನಲಾದೀತೇ? ತೂಕ ಏರಿದವರು, ಶುಗರ್ ಬಂದವರು, ಮನೆಯಲ್ಲಿ ಯಾರಿಗೋ ಹಾರ್ಟ್ ಅಟ್ಯಾಕ್ ಆದದ್ದನ್ನು ಕಂಡವರು ಡಯಟ್ ಬಾಟಲಿಗೆ ಕೈ ಹಾಕುತ್ತಾರೆ. ಸಂಶೋಧಕರು ಇದನ್ನು ಲೆಕ್ಕದಲ್ಲಿ ಸರಿದೂಗಿಸಲು ನೋಡುತ್ತಾರೆ, ಪೂರ್ತಿ ಆಗುವುದಿಲ್ಲ.

ಅದಕ್ಕೇ ಚೀಟಿ ಎತ್ತಿ ಎರಡು ಗುಂಪು ಮಾಡಿ ನಡೆಸುವ ಪರೀಕ್ಷೆಗೆ ಬೆಲೆ ಜಾಸ್ತಿ. ಅಂಥದ್ದೊಂದನ್ನು ನೆದರ್ಲೆಂಡ್ಸಿನಲ್ಲಿ ನಡೆಸಿ 2012ರಲ್ಲಿ ಪ್ರಕಟಿಸಿದರು. 641 ಶಾಲಾ ಮಕ್ಕಳು, ಹದಿನೆಂಟು ತಿಂಗಳು, ದಿನಕ್ಕೆ 250 ಮಿಲಿ. ಅರ್ಧದಷ್ಟು ಮಕ್ಕಳಿಗೆ ಸಕ್ಕರೆಯದು, ಉಳಿದವರಿಗೆ ಕೃತಕ ಸಿಹಿಯದು. ಯಾರದು ಯಾವುದು ಎಂದು ಮಕ್ಕಳಿಗೂ ಗೊತ್ತಿಲ್ಲ. ಸಕ್ಕರೆ ಕುಡಿದ ಮಕ್ಕಳ ತೂಕ ಸರಾಸರಿ 7.37 ಕಿಲೋ ಏರಿತು, ಇನ್ನೊಂದು ಗುಂಪಿನದು 6.35 ಕಿಲೋ. ದಿನಕ್ಕೊಂದು ಬಾಟಲಿ ಒಂದು ಕಿಲೋ ವ್ಯತ್ಯಾಸ ಮಾಡಿತು.

ಇಷ್ಟು ಕೇಳಿ, ಹಾಗಾದರೆ ಮಕ್ಕಳಿಗೆ ಝೀರೋ ಕೊಡಿಸೋಣ ಎಂದು ದಯವಿಟ್ಟು ಮನೆಗೆ ಹೋಗಬೇಡಿ. ಆ ಪರೀಕ್ಷೆಯಲ್ಲಿ ಹೋಲಿಸಿದ್ದು ಸಕ್ಕರೆ ನೀರಿನ ಜೊತೆಗೆ. ಮಜ್ಜಿಗೆಯ ಜೊತೆಗಲ್ಲ, ಗಡಿಗೆಯ ತಣ್ಣೀರಿನ ಜೊತೆಗಲ್ಲ. ನಾನು ಹೇಳಬೇಕಾದದ್ದೆಲ್ಲ ಇಲ್ಲೇ ಇದೆ: ಈ ಬಾಟಲಿ ಕೆಟ್ಟದ್ದೇ ಎಂದು ಕೇಳುವ ಮೊದಲು, ನಿಮ್ಮ ಮನೆಯಲ್ಲಿ ಅದು ಯಾವುದರ ಜಾಗದಲ್ಲಿ ಬಂದು ಕೂತಿದೆ ಎಂದು ನೋಡಿ. ಸೊಲ್ಲಾಪುರ ರಸ್ತೆಯಲ್ಲಿ ಲಾರಿ ಓಡಿಸುತ್ತ ದಿನಕ್ಕೆ ಮೂರು ಸಾದಾ ಕೋಲಾ ಕುಡಿಯುವ ತಮ್ಮ ಝೀರೋಗೆ ಬದಲಾದರೆ ನನಗೆ ಸಂತೋಷ; ದಿನಕ್ಕೆ ಸುಮಾರು 80 ಗ್ರಾಂ ಸಕ್ಕರೆ ಅವನ ಮೈಯಿಂದ ದೂರವಾಯಿತು. ಊಟದ ಜೊತೆ ಮಜ್ಜಿಗೆ ಕುಡಿಯುತ್ತಿದ್ದ ಅಮ್ಮನ ಮುಂದೆ ಮೊಮ್ಮಗ ಝೀರೋ ತಂದಿಟ್ಟರೆ ನನಗೆ ಸಂಕಟ. ಬಾಟಲಿ ಒಂದೇ.

2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ತೂಕ ಇಳಿಸಲೆಂದು ಕೃತಕ ಸಿಹಿ ಬಳಸಬೇಡಿ ಎಂದು ಸಲಹೆ ಕೊಟ್ಟಿತು. ಈಗಾಗಲೇ ಶುಗರ್ ಇರುವವರಿಗೆ ಈ ಸಲಹೆ ಅನ್ವಯಿಸದು ಎಂದೂ ಅದರಲ್ಲೇ ಹೇಳಿದೆ. ಶುಗರ್ ಇರುವವರು ಹಬ್ಬಕ್ಕೋ ಮದುವೆಗೋ ಒಂದು ಝೀರೋ ಬಾಟಲಿ ಕುಡಿದರೆ ನಾನು ಬೈಯುವುದಿಲ್ಲ. ಮಕ್ಕಳಿಗೆ ಮಾತ್ರ ಬೇಡ. ಎಳೆಯ ನಾಲಿಗೆ ಅಷ್ಟು ಸಿಹಿಗೆ ಹೊಂದಿಕೊಂಡರೆ ಬಾಳೆಹಣ್ಣು, ಚಿಕ್ಕು ಸಪ್ಪೆ ಎನಿಸತೊಡಗುತ್ತವೆ.

ಹಲ್ಲಿನ ಮಾತನ್ನೂ ಹೇಳಿಬಿಡುತ್ತೇನೆ. ಸಕ್ಕರೆ ತೆಗೆದರೂ ಹುಳಿ ಹೋಗುವುದಿಲ್ಲ. ಹಲ್ಲಿನ ಹೊರಪದರ ಪಿಎಚ್ 5.5ಕ್ಕಿಂತ ಕೆಳಗೆ ಮೆತ್ತಗಾಗತೊಡಗುತ್ತದೆ. ಡಯಟ್ ಕೋಲಾದ ಪಿಎಚ್ ಮೂರರ ಆಸುಪಾಸು. ಗುಟುಕು ಗುಟುಕಾಗಿ ತಾಸುಗಟ್ಟಲೆ ಕುಡಿಯುವುದು ಹಲ್ಲಿಗೆ ಕೇಡು. ಲಿಂಬೆ ಶರಬತ್ತಿಗೂ ಈ ಮಾತು ಸಲ್ಲುತ್ತದೆ.

ಕೊನೆಗೆ, ನನ್ನ ಮನೆಯಲ್ಲೇ ನಡೆದದ್ದು. ದ್ರಾಕ್ಷಿ ಬಳ್ಳಿ ಸವರುವ ಅಕ್ಟೋಬರ್ ಚಾಟ್ನಿಯ ದಿನಗಳು. ನನ್ನ ಸೋದರಮಾವ ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಂಡು ತೋಟಕ್ಕೆ ಹೋಗಿದ್ದರು, ಬುತ್ತಿ ಬರುವುದು ತಡವಾಯಿತು. ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. ಶುಗರ್ ಇಳಿದಿದೆ ಎಂದು ಜೊತೆಗಿದ್ದ ಹುಡುಗನಿಗೆ ಹೊಳೆಯಿತು, ಜಾಣ ಹುಡುಗ. ರಸ್ತೆಯ ಅಂಗಡಿಗೆ ಓಡಿ ಥಂಡಾ ತಂದ, ಪೂರ್ತಿ ಕುಡಿಸಿದ. ಬೆವರು ನಿಲ್ಲಲಿಲ್ಲ. ಪಕ್ಕದ ತೋಟದ ಅಕ್ಕ ಚಹಾಕ್ಕೆಂದು ಇಟ್ಟ ಬೆಲ್ಲ ಕದಡಿ ಕುಡಿಸಿದಳು. ಕಾಲು ತಾಸಿನಲ್ಲಿ ಮಾವ ಹುಡುಗನ ಹೆಸರು ಹಿಡಿದು ಕರೆದರು.

ಸಂಜೆ ನಾನು ಹೋದಾಗ ಅವನು ಖಾಲಿ ಬಾಟಲಿ ಹಿಡಿದು ನಿಂತಿದ್ದ. "ಅಷ್ಟು ಸಿಹಿ ಇತ್ತಲ್ರಿ, ಯಾಕ ಏರಲಿಲ್ಲ?" ಲೇಬಲ್ಲಿನ ಮೇಲೆ ಝೀರೋ ಎಂದಿತ್ತು. ಮೀಟರು ತರಿಸಿ, ತಳದಲ್ಲಿ ಉಳಿದ ಹನಿಯನ್ನು ಗಾಜಿನ ಮೇಲೆ ಬಿಟ್ಟು ಅವನಿಗೇ ಕೊಟ್ಟೆ. ಬಹಳ ಹೊತ್ತು ನೋಡಿದ.

ಇನ್ಸುಲಿನ್ ಅಥವಾ ಶುಗರ್ ಮಾತ್ರೆ ತೆಗೆದುಕೊಳ್ಳುವವರು ತೋಟಕ್ಕೆ ಹೋಗುವಾಗ ಒಂದಿಷ್ಟು ಸಕ್ಕರೆಯನ್ನೋ ಬೆಲ್ಲವನ್ನೋ ಕಿಸೆಯಲ್ಲಿಟ್ಟುಕೊಳ್ಳಿ. ಬೆವರು, ನಡುಕ ಕಂಡ ಕೂಡಲೇ ಮೂರು ಚಮಚೆ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ. ಹದಿನೈದು ನಿಮಿಷದಲ್ಲಿ ಚೇತರಿಸದಿದ್ದರೆ ಇನ್ನೊಮ್ಮೆ ಕುಡಿಸಿ, ಆಮೇಲೆ ಊಟ ಮಾಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ. ಮಗ್ಗುಲಾಗಿ ಮಲಗಿಸಿ, 108ಕ್ಕೆ ಫೋನ್ ಮಾಡಿ.